ಚಪ್ಪಾಳೆ ತಟ್ಟದ ರಸಿಕರು

ಸಭೆಯೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಕೈಕಟ್ಟಿ ಕೂತಿರುವ ಕೆಲವರು ನಮ್ಮ ಕಾಲದ ಕಛೇರಿಗಳಲ್ಲಿ ತಪ್ಪದೆ ಕಾಣಸಿಗುತ್ತಿದ್ದರು. ಹಾಡಿಕೆ ಅವರಿಗೆ ಹಿಡಿಸಲಿಲ್ಲವೇನೋ ಎಂದು ಹೊಸಬರು ಅಂದುಕೊಳ್ಳಬೇಕು, ಹಾಗಿರುತ್ತಿತ್ತು ಅವರ ಮುಖ. ಬೇಸಿಗೆಯ ಸೆಕೆಯಲ್ಲೂ ಹೆಗಲಿಗೊಂದು ಶಾಲು. ಶಾಲಿನ ಮರೆಯಲ್ಲಿ, ಅಂಗಿಯ ಎರಡನೇ ಗುಂಡಿಯ ಹತ್ತಿರ, ಗುಂಡಿಗಿಂತ ಒಂದಿಷ್ಟು ದಪ್ಪನಾದ ಮೈಕು. ಅಲ್ಲಿಂದ ಹೊರಟ ಸಪೂರ ವೈರು ಪಂಚೆಯ ಮಡಿಕೆಯಲ್ಲಿ ಇಳಿದು ಕಾಲಬುಡದ ಬಟ್ಟೆಚೀಲದೊಳಗೆ ಮಾಯವಾಗುತ್ತಿತ್ತು. ಚೀಲದೊಳಗೆ ಟೇಪ್ ರೆಕಾರ್ಡರು ಸದ್ದಿಲ್ಲದೆ ತಿರುಗುತ್ತಿರುತ್ತಿತ್ತು. ಎದೆಯ ಮೇಲೆ ಮೈಕಿಟ್ಟುಕೊಂಡವರು ಚಪ್ಪಾಳೆ ತಟ್ಟಿದರೆ ಟೇಪಿನ ಮೇಲೆ ಆ ಒಂದು ಚಪ್ಪಾಳೆ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಭಲೆ ಅನ್ನುವಂತಿಲ್ಲ. ತೊಡೆ ತಟ್ಟಿ ತಾಳ ಹಾಕುವಂತಿಲ್ಲ. ಕೆಮ್ಮು ಬಂದರೆ ಕಣ್ಣಲ್ಲಿ ನೀರು ಬರುವವರೆಗೂ ತಡೆದುಕೊಳ್ಳಬೇಕು. ನಾಳೆ, ನಾಡಿದ್ದು, ಇನ್ನು ಇಪ್ಪತ್ತು ವರ್ಷದ ಮೇಲೆ ಕೇಳಬೇಕೆಂಬ ಆಸೆಗೆ ಅವರು ಇವತ್ತಿನ ಆನಂದವನ್ನು ಅದುಮಿಟ್ಟುಕೊಂಡು ಮೂರು ಗಂಟೆ ಕೂರುತ್ತಿದ್ದರು.

ನನ್ನ ಸೋದರಮಾವ ಆ ಪಂಗಡದವರು. ಹಗಲು ಬ್ಯಾಂಕಿನ ಲೆಡ್ಜರು, ಸಂಜೆ ಸಂಗೀತ. ರಾಮನವಮಿ ಬಂತೆಂದರೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಪೆಂಡಾಲು ಏಳುತ್ತಿತ್ತು. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರುಮಾಡಿದ ಶ್ರೀರಾಮ ಸೇವಾ ಮಂಡಳಿಯ ಉತ್ಸವ ಅದು. ದಕ್ಷಿಣದ ದೊಡ್ಡ ಹೆಸರುಗಳೆಲ್ಲ ಒಂದಲ್ಲ ಒಂದು ವರ್ಷ ಆ ವೇದಿಕೆ ಹತ್ತಿದವೇ. ಒಳಗೆ ಟಿಕೆಟ್ಟು ಕೊಂಡವರು, ಹೊರಗೆ ರಸ್ತೆಬದಿಯಲ್ಲಿ ಪೇಪರು ಹಾಸಿಕೊಂಡು ಕೂತವರು. ಹಾಗೆ ಹೊರಗೆ ಕೂತವರಲ್ಲಿ ಒಳಗಿನವರಿಗಿಂತ ಹೆಚ್ಚು ತಿಳಿದವರು ಇರುತ್ತಿದ್ದರೆಂದು ಮಾವ ಹೇಳುತ್ತಿದ್ದರು. ನನಗೆ ಮಾತ್ರ ಆಗ ಪಾನಕ, ಕೋಸಂಬರಿಯ ಕಡೆಗೇ ಗಮನ.

ಜಾಗ ಆರಿಸುವುದು ಮಾವನಿಗೆ ದೊಡ್ಡ ಶಾಸ್ತ್ರ. ಮುಂದಿನ ಸಾಲು ಬೇಡ, ಅಲ್ಲಿ ಗಣ್ಯರು ತಡವಾಗಿ ಬಂದು ಕುರ್ಚಿ ಎಳೆಯುತ್ತಾರೆ, ರೇಷ್ಮೆ ಸೀರೆಗಳ ಸರಭರ ಬೇರೆ. ಸ್ಪೀಕರಿನ ಎದುರು ಕೂತರೆ ಮೃದಂಗ ಒಂದೇ ದೊಡ್ಡದಾಗಿ ಬರುತ್ತದೆ. ಫ್ಯಾನಿನ ಗಾಳಿ ನೇರ ತಾಗಿದರೆ ಆಲಾಪನೆಯ ತುಂಬ ಬಿರುಗಾಳಿ. ತಾಳ ಗಟ್ಟಿಯಾಗಿ ಹಾಕುವ ಹಿರಿಯರು ಯಾರು, ಮಧ್ಯೆ ಮಧ್ಯೆ ಪಕ್ಕದವರಿಗೆ ರಾಗದ ಹೆಸರು ಹೇಳುವ ಪಂಡಿತರು ಯಾರು ಎಂಬುದೆಲ್ಲ ಅವರಿಗೆ ಗೊತ್ತು. ಅಂಥವರಿಂದ ನಾಲ್ಕು ಕುರ್ಚಿ ದೂರ. ಇಷ್ಟೆಲ್ಲ ನೋಡಿ ಕಂಬವೊಂದರ ಪಕ್ಕ ಕೂತ ಮೇಲೆ ನನ್ನ ಕೆಲಸ ಶುರು. ಚೀಲಕ್ಕೆ ಯಾರ ಕಾಲೂ ತಾಗದಂತೆ ನೋಡಿಕೊಳ್ಳುವುದು, ಹೊಸ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಹಾಳೆಯನ್ನು ಮನೆಯಲ್ಲೇ ಬಿಚ್ಚಿ ತಂದಿರುವುದು, ಸೆಲ್ಲುಗಳನ್ನು ಜೇಬಿನಲ್ಲಿ ಇಟ್ಟುಕೊಂಡಿರುವುದು. "ಈಗ ಸುಮ್ನಿರಬೇಕು ಮರಿ, ಕೆಂಪು ದೀಪ ಹತ್ತಿದೆ" ಅಂದರೆ ಮುಗಿಯಿತು, ಮುಂದೆ ಮಾತಿಲ್ಲ. ಆ ಕೆಂಪು ದೀಪಕ್ಕೆ ಹೆದರಿ ಕೂತೇ ನನಗೆ ಸಂಗೀತ ಕಿವಿಗೆ ಬಿತ್ತು. ಬೇರೆ ಯಾವ ಗುರುವೂ ನನಗೆ ಅಷ್ಟು ಹೊತ್ತು ಬಾಯಿ ಮುಚ್ಚಿ ಕೇಳುವುದನ್ನು ಕಲಿಸಲಿಲ್ಲ.

ಮಾವನಿಗಿಂತ ಹಿಂದಿನ ತಲೆಮಾರಿನವರದು ಸ್ಪೂಲ್ ಮೆಷಿನ್ನು. ಗ್ರುಂಡಿಗ್ಗೋ ಮತ್ತೊಂದೋ, ಸೂಟ್‌ಕೇಸಿನಷ್ಟು ಗಾತ್ರ. ಅದಕ್ಕೆ ಕರೆಂಟು ಬೇಕು, ಕರೆಂಟಿಗಾಗಿ ಮೈಕ್ ಸೆಟ್ಟಿನವನಿಗೆ ಕಾಫಿ ಕುಡಿಸಿ ಒಂದು ಪ್ಲಗ್ಗು ಗಿಟ್ಟಿಸಬೇಕು. ಗುಟ್ಟಾಗಿ ಮಾಡುವ ಕೆಲಸವೇ ಅಲ್ಲ ಅದು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದಿತು. ಅದಕ್ಕೊಂದು ವರ್ಷ ಹಿಂದೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬಿಬ್ಬರು ಎಲೆಕ್ಟ್ರೆಟ್ ಮೈಕನ್ನು ರೂಪಿಸಿದ್ದರು. ತನ್ನೊಳಗೇ ವಿದ್ಯುತ್ತಿನ ಚಾರ್ಜನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವ ತೆಳ್ಳನೆಯ ಹಾಳೆಯಿಂದ ಮಾಡಿದ ಮೈಕು ಅದು. ಚಿಕ್ಕದು, ಅಗ್ಗದ್ದು, ಒಂದು ಸಣ್ಣ ಸೆಲ್ಲಿದ್ದರೆ ಸಾಕು. ಈ ಎರಡು ಸೇರಿದ ಮೇಲೆ ಕಛೇರಿಯನ್ನು ಬಟ್ಟೆಚೀಲದಲ್ಲಿ ಮನೆಗೆ ತರುವುದು ಬ್ಯಾಂಕಿನ ಗುಮಾಸ್ತರ ಕೈಗೂ ಎಟುಕಿತು. ಒಳ್ಳೆಯ ಮೈಕು ಫಾರಿನ್ನಿನಿಂದ ಬರಬೇಕು, ಅದಕ್ಕೆ ಯಾರಾದರೂ ನೆಂಟರು ಅಲ್ಲಿರಬೇಕು. ನಮಗೆ ಅಂಥ ನೆಂಟರಿರಲಿಲ್ಲ. ಮಾವ ಎಸ್.ಪಿ. ರೋಡಿಗೆ ಹೋಗಿ ಬಿಡಿ ಎಲೆಕ್ಟ್ರೆಟ್ ತಂದು, ಹಳೆಯ ಇಂಕ್ ಪೆನ್ನಿನ ಕ್ಯಾಪಿನೊಳಗೆ ಕೂರಿಸಿ, ತಾವೇ ಬೆಸುಗೆ ಹಾಕಿದರು. ಬಾಯಿಗೆ ಒಂದು ಚೂರು ಸ್ಪಂಜು. ಜೇಬಿಗೆ ಸಿಕ್ಕಿಸಿಕೊಂಡರೆ ಪೆನ್ನೇ. ಬಾಗಿಲಲ್ಲಿ ನಿಂತ ಸ್ವಯಂಸೇವಕರು ಎಷ್ಟೋ ಸಲ ಚೀಲ ನೋಡಿದ್ದಾರೆ, ಪೆನ್ನನ್ನು ಯಾರೂ ಕೇಳಲಿಲ್ಲ.

ಆದರೆ ಆ ದಿನಗಳ ನಿಜವಾದ ಸಂಕಟ ಕ್ಯಾಸೆಟ್ಟಿನ ಉದ್ದದ್ದು. ಸಿ-90 ಅಂದರೆ ಒಂದೊಂದು ಬದಿಗೆ ನಲವತ್ತೈದು ನಿಮಿಷ. ಸಿ-120 ಸಿಗುತ್ತಿತ್ತು, ಆದರೆ ಅದರ ಟೇಪು ತೀರಾ ತೆಳು, ಮೆಷಿನ್ನಿಗೆ ಸುತ್ತಿಕೊಂಡರೆ ಕಛೇರಿಯೂ ಹೋಯಿತು, ಕ್ಯಾಸೆಟ್ಟೂ ಹೋಯಿತು. ವಿದ್ವಾಂಸರು ನಮ್ಮ ನಲವತ್ತೈದು ನಿಮಿಷ ನೋಡಿಕೊಂಡು ಹಾಡುತ್ತಾರೆಯೇ? ತೋಡಿಯ ಆಲಾಪನೆ ತಾರಸ್ಥಾಯಿ ಮುಟ್ಟುವ ಹೊತ್ತಿಗೇ ಟೇಪು ತೀರುತ್ತ ಬಂದಿರುತ್ತದೆ. ಮಾವ ಕತ್ತಲಲ್ಲೇ ಚೀಲದ ಬಾಯಿ ಬಿಚ್ಚಿ, ಕ್ಯಾಸೆಟ್ಟಿನ ಕಿಂಡಿಯಲ್ಲಿ ಉಳಿದ ಸುರುಳಿಯ ದಪ್ಪ ನೋಡಿ, ಇನ್ನೆಷ್ಟು ನಿಮಿಷ ಎಂದು ಅಂದಾಜು ಹಾಕುತ್ತಿದ್ದರು. ಈಗ ತಿರುಗಿಸಲೇ, ಪಿಟೀಲಿನವರು ಶುರುಮಾಡುವವರೆಗೆ ಕಾಯಲೇ? ಪಲ್ಲವಿ ಮುಗಿಯಿತು, ಅನುಪಲ್ಲವಿಗೆ ಇನ್ನೂ ಎರಡು ಆವರ್ತ ಇದೆ, ಈಗ! ಟಕ್ ಎಂದು ತೆಗೆದು, ಮಗುಚಿ, ಟಕ್ ಎಂದು ಹಾಕಿ, ಎರಡು ಗುಂಡಿ ಒಟ್ಟಿಗೆ ಒತ್ತುವುದು. ಕೈ ಪಳಗಿದವರಿಗೆ ಐದಾರು ಸೆಕೆಂಡು. ಕ್ಯಾಸೆಟ್ಟಿನ ಮೊದಲಲ್ಲಿ ಧ್ವನಿ ಹಿಡಿಯದ ಬಿಳಿ ಪಟ್ಟಿ ಇರುತ್ತದಲ್ಲ, ಅದನ್ನು ಪೆನ್ಸಿಲಿನಿಂದ ಮೊದಲೇ ಸುತ್ತಿಟ್ಟಿರಬೇಕು. ಇಲ್ಲವಾದರೆ ಇನ್ನೊಂದಿಷ್ಟು ಸೆಕೆಂಡು ಹೋಯಿತು. ಹಾಗೆ ಕೇಳುವವರಿಗೆ ರಾಗದ ಜೊತೆಗೆ ಕಛೇರಿಯ ಕಟ್ಟಡವೂ ಗೊತ್ತಿರಬೇಕಾಗಿತ್ತು. ಯಾವುದರ ಮೇಲೆ ಯಾವುದು ಬರುತ್ತದೆ, ಈ ವಿದ್ವಾಂಸರು ನೆರವಲನ್ನು ಎಲ್ಲಿ ಎತ್ತಿಕೊಳ್ಳುತ್ತಾರೆ, ಎಷ್ಟು ಹೊತ್ತು ಸ್ವರ ಹಾಕುತ್ತಾರೆ ಎಂಬ ಮುಂದಾಲೋಚನೆ ಇಲ್ಲದವರ ಟೇಪಿನಲ್ಲಿ ಒಳ್ಳೊಳ್ಳೆಯ ಕಡೆಗಳೇ ತುಂಡಾಗಿರುತ್ತಿದ್ದವು.

ತನಿ ಆವರ್ತನ ಬಂದಾಗ ಕ್ಯಾಸೆಟ್ಟು ಉಳಿಸಲೆಂದು ಗುಂಡಿ ಆರಿಸಿಬಿಡುವವರಿದ್ದರು. ಕ್ಯಾಸೆಟ್ಟಿಗೆ ದುಡ್ಡು ಕೊಡಬೇಕಲ್ಲ, ಮನೆಯಲ್ಲಿ ಲೆಕ್ಕ ಕೇಳುವವರಿರುತ್ತಾರಲ್ಲ, ಬೈಯುವಂತಿಲ್ಲ. ಹೀಗೆ ತಮಗೆ ಬೇಕಾದಷ್ಟನ್ನೇ ಹಿಡಿದಿಡುವ ಚಾಳಿ ನಮ್ಮವರದಷ್ಟೇ ಏನಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಲೈಬ್ರರಿಯನ್ ಆಗಿದ್ದ ಲಯನೆಲ್ ಮೇಪಲ್‌ಸನ್ 1901ರಿಂದ 1903ರವರೆಗೆ ನಾಟಕ ನಡೆಯುತ್ತಿರುವಾಗಲೇ ಮೇಣದ ಉರುಳೆಗಳ ಮೇಲೆ ಗಾಯನ ಹಿಡಿದಿಟ್ಟ. ಒಂದೊಂದು ಉರುಳೆಯಲ್ಲಿ ಎರಡು ಮೂರು ನಿಮಿಷ, ಅಷ್ಟೇ. 1947-48ರಲ್ಲಿ ಡೀನ್ ಬೆನೆಡೆಟ್ಟಿ ಎಂಬ ಜಾಜ್ ವಾದಕ, ಚಾರ್ಲಿ ಪಾರ್ಕರ್ ನುಡಿಸುವ ಕ್ಲಬ್ಬುಗಳಿಗೆಲ್ಲ ಯಂತ್ರ ಹೊತ್ತು ತಿರುಗಿದ. ಪಾರ್ಕರ್ ನುಡಿಸುವಾಗ ಮಾತ್ರ ಚಾಲೂ, ಉಳಿದವರ ಸರದಿ ಬಂದಾಗ ಬಂದ್. ಜೊತೆಯವರ ಮನೆಯವರು ಕೇಳಿದರೆ ಏನಂದಾರು? ಮಾವ ಆ ಮಟ್ಟಿಗೆ ಧರ್ಮಿಷ್ಠರು. ತನಿಯನ್ನು ಒಮ್ಮೆಯೂ ಬಿಡಲಿಲ್ಲ. "ಮೃದಂಗದೋರಿಗೂ ಹೆಂಡ್ತಿ ಮಕ್ಳು ಇರ್ತಾರೋ, ಅವರೂ ಕೇಳ್ಬೇಕು" ಅನ್ನುತ್ತಿದ್ದರು.

ಇಷ್ಟು ಪಾಡು ಯಾಕೆ ಪಡಬೇಕಿತ್ತು ಎಂದು ಈಗಿನವರು ಕೇಳಿದರೆ ತಪ್ಪಿಲ್ಲ. ನಮ್ಮ ಸಂಗೀತಕ್ಕೂ ಅಂಗಡಿಯ ತಟ್ಟೆಗೂ ಎಂದೂ ಸರಿಹೊಂದಿರಲಿಲ್ಲ. 78 ವೇಗದ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಒಂದು ಗಂಟೆ ಬೆಳೆಸುವ ರಾಗವನ್ನು ಅದರೊಳಗೆ ತುರುಕಬೇಕು. ಎಲ್‌ಪಿ ಬಂದ ಮೇಲೂ ಬದಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಅದೂ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ, ಎದುರಿಗೆ ತಲೆದೂಗುವ ಒಂದು ಮುಖವೂ ಇಲ್ಲದೆ ಹಾಡಿದ್ದು. ಎಂ.ಡಿ. ರಾಮನಾಥನ್ ಅವರಂಥ ಗಾಯಕರನ್ನು ನೆನೆದುಕೊಳ್ಳಿ. ತಗ್ಗಿನ ಶ್ರುತಿ, ಅವಸರವಿಲ್ಲದ ವಿಳಂಬ, ನಡುನಡುವೆ ಬೇಕೆಂದೇ ಬಿಡುವ ಮೌನ. ಅಂಥ ಹಾಡಿಕೆಯನ್ನು ಮೂರು ನಿಮಿಷಕ್ಕೆ ಕತ್ತರಿಸುವುದು ಹೇಗೆ? 1984ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಸಂಗೀತಕ್ಕೆ ಹೊಸ ಹೊಸ ಕೇಳುಗರು ಹುಟ್ಟಿಕೊಂಡರಲ್ಲ, ಆ ಕೇಳುಗರಿಗೆ ಸಿಕ್ಕಿದ ಹಾಡಿಕೆಯಲ್ಲಿ ದೊಡ್ಡ ಪಾಲು ಹೀಗೆ ಯಾರೋ ಶಾಲಿನ ಮರೆಯಲ್ಲಿ ಹಿಡಿದಿಟ್ಟದ್ದು, ರೇಡಿಯೋದ ಮುಂದೆ ಕೂತು ತುಂಬಿಕೊಂಡದ್ದು.

ಹಿಡಿದಿಟ್ಟದ್ದರಲ್ಲಿ ಬರೀ ಸಂಗೀತ ಇರುತ್ತಿರಲಿಲ್ಲ ಎಂಬುದೇ ನನಗೆ ಈಗ ಹೆಚ್ಚು ಬೆಲೆಯದಾಗಿ ಕಾಣುತ್ತದೆ. ಕೋಟೆ ಹೈಸ್ಕೂಲಿನ ಟೇಪುಗಳಲ್ಲಿ ಮಾರ್ಕೆಟ್ಟಿನ ಕಡೆಯ ಬಸ್ಸುಗಳ ಹಾರನ್ನು ಆಗಾಗ ಶ್ರುತಿ ತಪ್ಪಿಸುತ್ತದೆ. ಏಪ್ರಿಲ್ಲಿನ ಮೊದಲ ಮಳೆ ಪೆಂಡಾಲಿನ ಮೇಲೆ ಬೀಳುವ ಸದ್ದು ಇದೆ, ಗಾಯಕರು ಅರೆಕ್ಷಣ ನಿಂತು ಮೇಲೆ ನೋಡಿ ನಕ್ಕದ್ದಕ್ಕೆ ಸಭೆಯೂ ನಕ್ಕದ್ದು ಇದೆ. ನಮ್ಮ ಹಿಂದಿನ ಸಾಲಿನ ಹೆಂಗಸೊಬ್ಬರು ಕೀರ್ತನೆಯ ಮೊದಲ ಪದಕ್ಕೇ "ಅಯ್ಯೋ, ನಮ್ಮಮ್ಮ ಹಾಡ್ತಿದ್ದದ್ದು ಕಣೇ" ಅಂದದ್ದು ಇದೆ. ಆಕೆ ಯಾರೋ, ಆಕೆಯ ಅಮ್ಮ ಯಾರೋ. ಆ ಕೀರ್ತನೆಯನ್ನು ಆ ಮಾತಿಲ್ಲದೆ ಕೇಳಿದರೆ ನನಗೆ ಏನೋ ಬಿಟ್ಟುಹೋದ ಹಾಗಾಗುತ್ತದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಂಥ ಮೆಲುದನಿಯ ವಾದ್ಯವಾದರೆ ಸಭೆ ಉಸಿರು ಬಿಗಿಹಿಡಿದದ್ದೂ ಟೇಪಿನಲ್ಲಿ ತಿಳಿಯುತ್ತದೆ, ಯಾಕೆಂದರೆ ಗಮಕ ಮುಗಿದೊಡನೆ ಒಂದಿಡೀ ಪೆಂಡಾಲು ಒಟ್ಟಿಗೆ ಉಸಿರು ಬಿಡುತ್ತದೆ.

ಆ ಅಗ್ಗದ ರೆಕಾರ್ಡರುಗಳಿಗೆ ಇನ್ನೊಂದು ಗುಣ ಇತ್ತು. ಸದ್ದು ಹೆಚ್ಚಾದರೆ ತಾವಾಗಿಯೇ ತಗ್ಗಿಸುತ್ತಿದ್ದವು, ಕಡಿಮೆಯಾದರೆ ತಾವಾಗಿಯೇ ಏರಿಸುತ್ತಿದ್ದವು. ತಿಳಿದವರಿಗೆ ಅದೊಂದು ದೋಷ, ಮೃದಂಗದ ಒಂದು ಗಟ್ಟಿ ಪೆಟ್ಟಿಗೆ ಗಾಯಕರ ಧ್ವನಿ ಕುಗ್ಗಿ ಮತ್ತೆ ಮೆಲ್ಲಗೆ ಮೇಲೆ ಬರಬೇಕಿತ್ತು. ಆದರೆ ಅದೇ ದೋಷದಿಂದ ಗಾಯಕರು ಉಸಿರಿಗಾಗಿ ನಿಂತ ಕಡೆಯಲ್ಲೆಲ್ಲ ತಂಬೂರಿ, ಹುಣ್ಣಿಮೆಯ ಕಡಲ ನೀರು ದಂಡೆಗೆ ಏರಿ ಬಂದ ಹಾಗೆ, ಏರಿ ಬಂದು ಇಡೀ ಟೇಪನ್ನು ತುಂಬುತ್ತಿತ್ತು. ಸಭೆಯಲ್ಲಿ ಕೂತಾಗ ಅಷ್ಟು ತಂಬೂರಿ ನಮಗೆ ಕೇಳಿಸಿರಲಿಲ್ಲ. ಮನೆಗೆ ಬಂದು, ಊಟ ಮುಗಿಸಿ, ದೀಪ ಆರಿಸಿ, ಮಾವ ಅದೇ ರಾತ್ರಿ ಹತ್ತು ನಿಮಿಷವಾದರೂ ಹಾಕಿ ಕೇಳುತ್ತಿದ್ದರು. ಬಂದಿದೆಯೋ ಇಲ್ಲವೋ ಎಂಬ ಆತಂಕ. ಮೊದಲು ತಂಬೂರಿ ಏರಿ ಬರುತ್ತಿತ್ತು, ಆಮೇಲೆ ಅವರ ಮುಖ ಸಡಿಲವಾಗುತ್ತಿತ್ತು. ಚಪ್ಪಾಳೆಯನ್ನು ಅವರು ತಟ್ಟುತ್ತಿದ್ದದ್ದು ಆಗ, ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆಯ ಎದುರು.

ಕ್ಯಾಸೆಟ್ಟಿನೊಳಗಿನ ಚೀಟಿಯ ಮೇಲೆ ಬರೆಯುವುದು ಮರುದಿನದ ಕೆಲಸ. ತಾರೀಖು, ಪಕ್ಕವಾದ್ಯದವರ ಹೆಸರು, ಹಾಡಿದ್ದೆಲ್ಲದರ ಪಟ್ಟಿ, ರಾಗ ತಿಳಿಯದಿದ್ದರೆ ಮುಂದೆ ಒಂದು ಪ್ರಶ್ನಾರ್ಥಕ. ಎಲ್ಲ ಪೆನ್ಸಿಲಿನಲ್ಲಿ, ಯಾಕೆಂದರೆ ಪ್ರಶ್ನೆ ಒಂದಲ್ಲ ಒಂದು ದಿನ ಬಗೆಹರಿದೀತೆಂಬ ನಂಬಿಕೆ. ಬಗೆಹರಿಸುವುದಕ್ಕೇ ಭಾನುವಾರ ಸ್ನೇಹಿತರು ಬರುತ್ತಿದ್ದರು. ಒಬ್ಬರು ಪೋಸ್ಟಾಫೀಸಿನವರು, ಒಬ್ಬರು ಔಷಧಿ ಅಂಗಡಿಯವರು, ಇನ್ನೊಬ್ಬರು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಬರುವಾಗ ಕೈಯಲ್ಲಿ ಖಾಲಿ ಕ್ಯಾಸೆಟ್ಟು. ಮೂಲ ಪ್ರತಿ ಗಾಡ್ರೆಜ್ ಬೀರುವಿನಿಂದ ಹೊರಗೆ ಹೋಗುವಂತಿಲ್ಲ, ಕಾಪಿ ಬೇಕಾದವರು ಮನೆಗೆ ಬರಬೇಕು. ಎರಡು ಮೆಷಿನ್ನುಗಳನ್ನು ಜೋಡಿಸಿಟ್ಟು ಒಂದೂವರೆ ಗಂಟೆಯ ಕಛೇರಿಯನ್ನು ಒಂದೂವರೆ ಗಂಟೆ ಕೂತೇ ಇಳಿಸಬೇಕು. ಬೇಗ ಓಡಿಸಿ ಇಳಿಸುವ ಮೆಷಿನ್ನು ಬಂದ ಮೇಲೂ ಮಾವ ಅದನ್ನು ಮುಟ್ಟಲಿಲ್ಲ, ಮೇಲಿನ ಸ್ವರ ಮಂಕಾಗುತ್ತದೆಂದು. ಆ ಒಂದೂವರೆ ಗಂಟೆಯಲ್ಲಿ ಕಾಫಿ, ಅವಲಕ್ಕಿ, ರಾಗದ ಜಗಳ. ಇದು ಇಂಥ ರಾಗ ಎಂದೊಬ್ಬರು, ಧೈವತ ಹೀಗಿದ್ದರೆ ಅದು ಹೇಗಾದೀತೆಂದು ಇನ್ನೊಬ್ಬರು. ಹಣದ ಮಾತಿಲ್ಲ. ಕ್ಯಾಸೆಟ್ಟು ಮಾರುವವರನ್ನು ಇವರು ಮನೆಗೆ ಸೇರಿಸುತ್ತಿರಲಿಲ್ಲ. ಕೊಟ್ಟರೆ ಕೊಡಬೇಕು, ಅಷ್ಟೇ ಕಟ್ಟಳೆ.

ಹೀಗೆ ಕೊಟ್ಟು ತೆಗೆದುಕೊಂಡೇ ಧಾರವಾಡದ ಮಾಸ್ತರರೊಬ್ಬರ ಪರಿಚಯವಾಯಿತು. ಮಾವನೂ ಅವರೂ ಮುಖ ನೋಡಿದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿಬರುವವರ ಕೈಯಲ್ಲಿ, ಪೇಪರು ಸುತ್ತಿದ ಡಬ್ಬಿಗಳಲ್ಲಿ, ದಕ್ಷಿಣ ಉತ್ತರಕ್ಕೂ ಉತ್ತರ ದಕ್ಷಿಣಕ್ಕೂ ಹೋಗಿಬರುತ್ತಿತ್ತು. ನಮ್ಮ ಮನೆಗೆ ಮಲ್ಲಿಕಾರ್ಜುನ ಮನಸೂರರು ಬಂದದ್ದು, ಗಂಗೂಬಾಯಿ ಹಾನಗಲ್ಲರು ಬಂದದ್ದು, ಬಸವರಾಜ ರಾಜಗುರುಗಳು ಬಂದದ್ದು ಹಾಗೆ. "ಸರ, ನಿಮ್ಮ ದೊರೆಸ್ವಾಮಿ ಅಯ್ಯಂಗಾರರ ವೀಣಾ ಕೇಳಿದ್ವಿ. ಎಷ್ಟು ಚಂದ ಬಂದದ ಅಂದ್ರ, ಬೆಂಗಳೂರು ಸೊಳ್ಳಿ ಹಾಡೂದೂ ಕೇಳಸ್ತದ ನೋಡ್ರಿ" ಎಂದು ಒಂದು ಕಾಗದ ಬಂದಿತ್ತು. ಮಾವ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಅಲ್ಲಿಂದ ಮಾಸ್ತರರು ಕಳಿಸಿದ ಟೇಪೊಂದರಲ್ಲಿ ಕೊನೆಯ ಭೈರವಿಯ ಹೊತ್ತಿಗೆ ಕೋಳಿ ಕೂಗುತ್ತದೆ. ಎಷ್ಟು ಗಂಟೆಗೆ ಮುಗಿಯಿತೆಂದು ಚೀಟಿಯ ಮೇಲೆ ಬರೆಯುವ ಅಗತ್ಯವೇ ಇರಲಿಲ್ಲ.

ಕರಾವಳಿಯಲ್ಲಿ ಈ ಹುಚ್ಚು ಇನ್ನೂ ಒಂದು ಕೈ ಮೇಲೆ. ಅಲ್ಲಿ ಮುಚ್ಚುಮರೆಯೇ ಇರಲಿಲ್ಲ. ಯಕ್ಷಗಾನದ ಆಟ ನಡೆದಲ್ಲಿ ರಂಗಸ್ಥಳದ ಹತ್ತಿರವೇ ಟೇಪ್ ರೆಕಾರ್ಡರು ಇಟ್ಟು ರಾತ್ರಿಯಿಡೀ ಕಾಯುವ ಹುಡುಗರು. ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತು ದಾಟಿ ಒಂದೆರಡು ವರ್ಷ. ಅವರನ್ನು ಕಣ್ಣಾರೆ ಕಂಡಿಲ್ಲದ ಮಕ್ಕಳೂ ಇವತ್ತು ಅವರ ಪದ್ಯಗಳನ್ನು ಅದೇ ಏರಿಳಿತದಲ್ಲಿ ಹೇಳುತ್ತಾರೆಂದರೆ ಅದರ ಹಿಂದೆ ಆ ಹುಡುಗರ ನಿದ್ದೆಗೆಟ್ಟ ರಾತ್ರಿಗಳಿವೆ. ಆದರೆ ಅಲ್ಲಿಯ ಮಳೆಗಾಲ ಕ್ಯಾಸೆಟ್ಟಿಗೆ ಶತ್ರು. ಎರಡು ಮಳೆಗಾಲ ಪೆಟ್ಟಿಗೆ ತೆರೆಯದಿದ್ದರೆ ಟೇಪಿನ ಮೇಲೆ ಬೂಷ್ಟು. ಹಾಗೆ ಎಷ್ಟು ಹೋಯಿತೋ.

ಎಲ್ಲರೂ ಒಪ್ಪಿದ್ದರು ಎಂದೇನಲ್ಲ. ಮಲ್ಲೇಶ್ವರದ ಗಣೇಶೋತ್ಸವವೊಂದರಲ್ಲಿ ಹೆಸರಾಂತ ವಿದ್ವಾಂಸರೊಬ್ಬರು ವರ್ಣ ಮುಗಿಸಿ, ಮಾವನ ಚೀಲದ ಕಡೆಗೆ ಬೆರಳು ತೋರಿಸಿ, "ಆ ಪೆಟ್ಟಿಗೆ ಮುಚ್ಚಿದ್ರೆ ಮುಂದಕ್ಕೆ ಹೋಗೋಣ" ಅಂದುಬಿಟ್ಟರು. ಸಭೆ ತಿರುಗಿ ನೋಡಿತು. ಚೀಲ ಹಿಡಿದು ಕೂತಿದ್ದ ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಮಾವ ಎದ್ದು ಕೈಮುಗಿದು, ಕ್ಯಾಸೆಟ್ಟನ್ನೇ ಹೊರತೆಗೆದು ಜೇಬಿಗೆ ಹಾಕಿಕೊಂಡು ಕೂತರು. ವಿದ್ವಾಂಸರ ಮಾತಿನಲ್ಲಿ ನ್ಯಾಯ ಇತ್ತು. ಗಂಟಲು ಕೆಟ್ಟ ದಿನದ ಹಾಡಿಕೆ ಊರೂರು ಸುತ್ತುವುದು ಯಾರಿಗೆ ಬೇಕು? ಯಾರೋ ಅಂಗಡಿಯವನು ಅದನ್ನೇ ಸಾವಿರ ಪ್ರತಿ ಮಾಡಿ ಮಾರಿದರೆ ಹಾಡಿದವರಿಗೆ ಕಾಸೂ ಇಲ್ಲ. 1994ರ ತಿದ್ದುಪಡಿಯಲ್ಲಿ ನಮ್ಮ ಕೃತಿಸ್ವಾಮ್ಯದ ಕಾಯಿದೆ ಹಾಡುವವರಿಗೂ ನುಡಿಸುವವರಿಗೂ ಅವರ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು, ಸ್ವಂತಕ್ಕೆ ಕೇಳಿಕೊಳ್ಳುವವರಿಗೆ ವಿನಾಯಿತಿಯನ್ನೂ ಇಟ್ಟಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ತಮಾಷೆ ಏನೆಂದರೆ, ಮುಪ್ಪಿನಲ್ಲಿ ಇನ್ನೊಬ್ಬ ವಿದ್ವಾಂಸರು ಆಟೋ ಹಿಡಿದುಕೊಂಡು ನಮ್ಮ ಮನೆ ಹುಡುಕಿ ಬಂದರು. ತಮ್ಮ ಪ್ರಾಯದ ಹಾಡಿಕೆ ಒಂದೂ ಅವರ ಬಳಿ ಇರಲಿಲ್ಲ. ಮೊಮ್ಮಗಳಿಗೆ ಕೇಳಿಸಬೇಕಂತೆ.

ಈಗ ಯಾರೂ ಶಾಲು ಹೊದೆಯಬೇಕಾಗಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು, ಅದರೊಳಗಿನ ಮೈಕು ಮಾವನ ಪೆನ್ನಿನ ಮೈಕಿಗಿಂತ ಎಷ್ಟೋ ಚಿಕ್ಕದು, ಎಷ್ಟೋ ಮೇಲು. ಸೆಲ್ಲು ತೀರುವ ಭಯವಿಲ್ಲ, ಮಗುಚುವ ಗೋಜಿಲ್ಲ. ಕೃತಜ್ಞತೆಯಿಲ್ಲದೆ ಮಾತಾಡಬಾರದು: ಸಂಗೀತಪ್ರಿಯದಂಥ ತಾಣಗಳು ಹುಟ್ಟಿದ್ದರಿಂದಲೇ ಎಷ್ಟೋ ಬೀರುಗಳ ಕಛೇರಿಗಳು ಗೆದ್ದಲಿಗೆ ಹೋಗದೆ ಉಳಿದವು. ನ್ಯೂಜೆರ್ಸಿಯಲ್ಲಿ ಕೂತ ನಮ್ಮ ಹುಡುಗಿ ಅಡುಗೆ ಮಾಡುತ್ತ ಮನಸೂರರನ್ನು ಕೇಳುತ್ತಾಳೆ. ಕಾಪಿ ಮಾಡಿದಷ್ಟೂ ಮಂಕಾಗುವ ಶಾಪ ತೊಲಗಿದೆ. ಮಾವ ಇದ್ದಿದ್ದರೆ ಇದಕ್ಕೆಲ್ಲ ಕುಣಿದಾಡುತ್ತಿದ್ದರು.

ಆದರೂ ಮೊನ್ನೆ ಕಛೇರಿಯೊಂದರಲ್ಲಿ ಮುಂದಿನ ಸಾಲಿನವರೊಬ್ಬರು ಕಲ್ಯಾಣಿ ಶುರುವಾಗುತ್ತಲೇ ಮೊಬೈಲನ್ನು ತಲೆಯ ಮೇಲಕ್ಕೆ ಎತ್ತಿ, ಅರ್ಧ ನಿಮಿಷ ಹಿಡಿದು, ಇಳಿಸಿ, ಅಲ್ಲೇ ಯಾರಿಗೋ ಕಳಿಸಿ, ಬಂದ ಉತ್ತರ ಓದುತ್ತ ಕೂತರು. ಅಷ್ಟರಲ್ಲಿ ಕಲ್ಯಾಣಿ ಮುಗಿದಿತ್ತು. ಅವರ ಬಳಿ ಕಛೇರಿಗೆ ಹೋದದ್ದಕ್ಕೆ ಪುರಾವೆ ಇದೆ. ಹಿಂದೆ ಕೂತವರಿಗೆ ಗಾಯಕಿಯ ಮುಖದ ಬದಲು ಮೊಬೈಲಿನಲ್ಲಿ ಗಾಯಕಿಯ ಮುಖ ಕಂಡಿತು. ಮಾವ ಹಿಡಿದಿಟ್ಟದ್ದನ್ನು ಮತ್ತೆ ಕೇಳದೆ ಬಿಟ್ಟದ್ದೇ ಇಲ್ಲ. ಈಗ ಹಿಡಿದಿಟ್ಟದ್ದನ್ನು ಕೇಳುವವರು ಎಷ್ಟು ಜನ? ನನ್ನ ಮೊಬೈಲಿನಲ್ಲೂ ಅಂಥ ತುಣುಕುಗಳು ಬೇಕಾದಷ್ಟಿವೆ, ತೆರೆದು ನೋಡಿದ್ದು ನೆನಪಿಲ್ಲ.

ಅದಕ್ಕಿಂತ ನನ್ನನ್ನು ಕಾಡಿದ್ದು ಕೊರೋನಾ ಕಾಲದ ಒಂದು ಸಂಗತಿ. ಅಕ್ಕನ ಮಗಳು 2020ರಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಂಗೀತ ಪಾಠ ಶುರುಮಾಡಿದಳು. ಗುರುಗಳು ಆ ಕಡೆಯಿಂದ, "ತಂಬೂರಿ ಹಾಕ್ಕೊಂಡಿಲ್ವೇನಮ್ಮಾ?" ಅಂತಾರೆ. ಇವಳ ಪಕ್ಕದಲ್ಲಿ ತಂಬೂರಿ ಮೊಳಗುತ್ತಲೇ ಇದೆ. ಆಮೇಲೆ ಗೊತ್ತಾಯಿತು, ಮಾತಿಗೆಂದು ಮಾಡಿದ ಆ ತಂತ್ರಾಂಶ ಒಂದೇ ಸಮನೆ ಬರುವ ಯಾವ ಸದ್ದನ್ನಾದರೂ ಫ್ಯಾನಿನ ಸದ್ದೆಂದು ಬಗೆದು ಅಳಿಸಿಹಾಕುತ್ತದೆ. ತಂಬೂರಿಯೂ ಅದರ ಲೆಕ್ಕದಲ್ಲಿ ಫ್ಯಾನೇ. ಒಳಗೆಲ್ಲೋ ಇರುವ ಒಂದು ಗುಂಡಿ ಹುಡುಕಿ, ಇದ್ದ ಸದ್ದನ್ನು ಇದ್ದ ಹಾಗೇ ಬಿಡು ಎಂದು ಅದಕ್ಕೆ ಹೇಳಬೇಕಾಯಿತು. ಏನೂ ತಿಳಿಯದ ಹಳೆಯ ಮೆಷಿನ್ನು ತಂಬೂರಿಯನ್ನು ಎತ್ತಿ ಎದೆಗಿಡುತ್ತಿತ್ತು. ಎಲ್ಲ ತಿಳಿದ ಹೊಸ ಮೆಷಿನ್ನು ಅದನ್ನೇ ಕಸವೆಂದು ಗುಡಿಸಿಬಿಟ್ಟಿತು.

ಮಾವನ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ಕೊಟ್ಟಾಗಲೂ ಇದೇ ಆಯಿತು. ಸ್ಟುಡಿಯೋದ ಹುಡುಗ ಒಳ್ಳೆಯವನು, ಕೆಲಸ ಬಲ್ಲವನು. "ಸಾರ್, ಹಾರನ್ನು, ಕೆಮ್ಮು, ಆ ಹೆಂಗಸಿನ ಮಾತು ಎಲ್ಲ ಕ್ಲೀನ್ ಮಾಡಿಕೊಡ್ತೀನಿ, ಸ್ಟುಡಿಯೋ ರೆಕಾರ್ಡಿಂಗ್ ಥರಾನೇ ಇರುತ್ತೆ" ಅಂದ. ಬೇಡಪ್ಪ, ಇದ್ದ ಹಾಗೇ ಇಳಿಸು ಅಂದೆ. ಅವನಿಗೆ ಅರ್ಥವಾಗಲಿಲ್ಲ. ಗಿರಾಕಿ ಹೇಳಿದ ಮೇಲೆ ಮಾಡಿದ. ಅರ್ಧಕ್ಕಿಂತ ಹೆಚ್ಚು ಬಂತು. ಕೆಲವಕ್ಕೆ ಒಳಗಿನ ಸ್ಪಂಜು ಪುಡಿಯಾಗಿತ್ತು, ಕೆಲವು ಟೇಪು ಅಂಟಿಕೊಂಡು ಓಡಲೇ ಇಲ್ಲ.

ನಿಮ್ಮ ಅಟ್ಟದ ಮೇಲೂ ಅಂಥದೊಂದು ಡಬ್ಬಿ ಇರಬಹುದು. ಅಪ್ಪನದೋ, ಚಿಕ್ಕಪ್ಪನದೋ, ಈಗ ಯಾರೂ ಮುಟ್ಟದ್ದು. ಮನೆ ಬಣ್ಣ ಮಾಡಿಸುವಾಗ ಹಳೇ ಸಾಮಾನಿನವನಿಗೆ ಹಾಕುವ ಮೊದಲು ಒಮ್ಮೆ ಇಳಿಸಿ ನೋಡಿ. ಬೂಷ್ಟು ಹಿಡಿ‌ದಿದ್ದರೆ ಮೆಷಿನ್ನಿಗೆ ಹಾಕಬೇಡಿ, ಬೂಷ್ಟು ಮೆಷಿನ್ನಿನಿಂದ ಉಳಿದ ಕ್ಯಾಸೆಟ್ಟುಗಳಿಗೂ ಹತ್ತುತ್ತದೆ. ಹಿಂಬದಿಯ ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿದಿಲ್ಲವಾದರೆ ಮೊದಲು ಅದನ್ನು ಮುರಿಯಿರಿ, ಮರೆತು ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಡಬ್ಬಿಯೊಳಗಿನ ಚೀಟಿಗಳನ್ನು ಬಿಸಾಡಬೇಡಿ, ಕಛೇರಿ ಯಾವುದೆಂದು ಹೇಳುವವರು ಇನ್ನು ಅವು ಮಾತ್ರ. ಕಂಪ್ಯೂಟರಿಗೆ ಇಳಿಸುವುದು ದೊಡ್ಡ ವಿದ್ಯೆಯೇನಲ್ಲ, ಕೆಲಸ ಮಾಡುವ ಒಂದು ಡೆಕ್ಕು, ಒಂದು ವೈರು ಸಾಕು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಒಂದೂವರೆ ಗಂಟೆಯ ಕ್ಯಾಸೆಟ್ಟು ಇಳಿಯುವುದಕ್ಕೆ ಒಂದೂವರೆ ಗಂಟೆಯೇ ಬೇಕು, ಮತ್ತು ಮಧ್ಯದಲ್ಲಿ ಒಮ್ಮೆ ಮಗುಚಲು ನೀವು ಅಲ್ಲೇ ಇರಬೇಕಾಗುತ್ತದೆ.